ಪಕ್ಕದ ಮರದ ಕೆಳಗೆ ಕೂತವರು

ಕೇಳುಗರಿಗೆಲ್ಲ ನಮಸ್ಕಾರ.

ಹಾಸನ ಆಕಾಶವಾಣಿಯವರು ಫೋನ್ ಮಾಡಿ, "ಈಗ ತಾನೇ ಚಿತ್ರ ಬರೆಯೋಕೆ ಶುರು ಮಾಡಿರುವ ಹುಡುಗ ಹುಡುಗಿಯರಿಗೆ ಕಲಾಮೇಳ, ಚಿತ್ರಸಂತೆಗಳ ಬಗ್ಗೆ ನಾಲ್ಕು ಮಾತು ಹೇಳಿ" ಅಂದರು. ನಾಲ್ಕು ಮಾತು ನನ್ನ ಹತ್ತಿರ ಇಲ್ಲ, ಒಂದೇ ಇರುವುದು. ಅದನ್ನು ಈಗಲೇ ಹೇಳಿಬಿಡುತ್ತೇನೆ. ಮಧ್ಯದಲ್ಲಿ ನಿಮ್ಮ ಮನೆಯ ಕುಕ್ಕರ್ ಕೂಗಿದರೆ ಕಷ್ಟ.

ಕಲಾಮೇಳಕ್ಕೆ ಹೋದರೆ ಮೊದಲು ಪಕ್ಕದಲ್ಲಿ ಕೂತಿರುವ ಕಲಾವಿದರನ್ನು ಮಾತಾಡಿಸಿ. ಮಾರಾಟ ಆಮೇಲೆ.

ಅಷ್ಟೇ. ಉಳಿದ ಹೊತ್ತೆಲ್ಲ ನಾನು ಇದನ್ನೇ ಹೇಳುವುದು.

ಈ ಮಾತು ಕೇಳ್ತಾ ಇರುವ ನೀವು ಯಾರು ಅಂತ ನನಗೆ ಒಂದು ಅಂದಾಜಿದೆ. ಅರಕಲಗೂಡಿನಲ್ಲೋ, ಬೇಲೂರಿನಲ್ಲೋ, ಸಕಲೇಶಪುರದ ಯಾವುದೋ ಎಸ್ಟೇಟಿನ ಲೈನ್ ಮನೆಯಲ್ಲೋ ಇದ್ದೀರಿ. ಶಾಲೆಯಲ್ಲಿ ಲೋಯರ್, ಹೈಯರ್ ಡ್ರಾಯಿಂಗ್ ಪರೀಕ್ಷೆ ಪಾಸು ಮಾಡಿದ್ದೀರಿ. ಗಣಪತಿ ಪೆಂಡಾಲಿಗೆ ಹಿಂದಿನ ಪರದೆ ಬರೆದುಕೊಟ್ಟಿದ್ದೀರಿ. ಊರಲ್ಲಿ ಎಲ್ಲರೂ "ಚೆನ್ನಾಗಿ ಬರೀತಾನೆ, ಚೆನ್ನಾಗಿ ಬರೀತಾಳೆ" ಅಂತಾರೆ. ಆದರೆ ಬಳಿದ ನೀಲಿ ಯಾಕೆ ಕೊಳೆಯಾಯಿತು, ಬರೆದ ಕೈ ಯಾಕೆ ಕಟ್ಟಿಗೆ ಥರ ಕಾಣುತ್ತೆ ಅಂತ ಹೇಳುವವರು ಒಬ್ಬರೂ ಇಲ್ಲ. ಮೊಬೈಲಿನಲ್ಲಿ ಮುನ್ನೂರು ಜನ ಹೃದಯದ ಚಿಹ್ನೆ ಒತ್ತಿದ್ದಾರೆ. ಮುನ್ನೂರರಲ್ಲಿ ಒಬ್ಬರಾದರೂ "ಇಲ್ಲಿ ತಪ್ಪಾಗಿದೆ" ಅಂದರಾ? ಇಲ್ಲ ಅಲ್ವಾ.

ನಾನೂ ಹಾಗೇ ಇದ್ದೆ. ಡ್ರಾಯಿಂಗ್ ಮೇಷ್ಟ್ರು ಬೇರೆ. ಮೇಷ್ಟ್ರಿಗೆ ತಪ್ಪು ಹೇಳುವ ಧೈರ್ಯ ಯಾರಿಗಿದೆ?

ಬೆಂಗಳೂರಿನ ಚಿತ್ರಸಂತೆ ನಿಮಗೆ ಗೊತ್ತಿರುತ್ತೆ. ಗೊತ್ತಿಲ್ಲದವರಿಗೆ ಒಂದೆರಡು ಮಾತು. ಕರ್ನಾಟಕ ಚಿತ್ರಕಲಾ ಪರಿಷತ್ತು ವರ್ಷಕ್ಕೊಂದು ಭಾನುವಾರ, ಸಾಮಾನ್ಯವಾಗಿ ಜನವರಿಯಲ್ಲಿ ಇದನ್ನು ನಡೆಸುತ್ತೆ. 2025ರ ಜನವರಿ 5ಕ್ಕೆ ಆದದ್ದು 22ನೆಯ ಸಂತೆ. ಅವತ್ತು ಕುಮಾರಕೃಪಾ ರಸ್ತೆಯಲ್ಲಿ ಗಾಡಿ ಓಡಾಟ ಬಂದ್. ಶಿವಾನಂದ ಸರ್ಕಲ್ಲಿನ ಕಡೆಯಿಂದ ಹಿಡಿದು ಗಾಂಧಿ ಭವನ, ಪರಿಷತ್ತು, ಅದರಾಚೆಗೂ ರಸ್ತೆಯ ಎರಡೂ ಬದಿಗೆ ಚಿತ್ರಗಳು. ಸಾವಿರಕ್ಕೂ ಜಾಸ್ತಿ ಕಲಾವಿದರು, ಬೇರೆ ರಾಜ್ಯಗಳವರೂ ಬರುತ್ತಾರೆ. ನೋಡೋಕೆ ಲಕ್ಷಗಟ್ಟಲೆ ಜನ. ದೊಡ್ಡ ಹೆಸರಿನವರಾಗಲಿ, ನಿನ್ನೆ ಕುಂಚ ಹಿಡಿದವರಾಗಲಿ, ಎಲ್ಲರೂ ರಸ್ತೆ ಬದಿಯಲ್ಲೇ ಕೂರುವುದು. ಗ್ಯಾಲರಿಯಲ್ಲಿ ನಿಮ್ಮ ಪಕ್ಕ ಗೋಡೆ ಇರುತ್ತೆ. ಸಂತೆಯಲ್ಲಿ ನಿಮ್ಮ ಪಕ್ಕ ಇನ್ನೊಬ್ಬ ಕಲಾವಿದ ಇರುತ್ತಾನೆ. ನನಗೆ ಸಂತೆ ಇಷ್ಟವಾಗೋದು ಇದಕ್ಕೇ.

ನಾನು ಮೊದಲ ಸಲ ಹೋದದ್ದು 2009ರಲ್ಲಿ. ಹಾಸನದಿಂದ ರಾತ್ರಿ ಬಸ್ಸು. ಮೆಜೆಸ್ಟಿಕ್‌ನಲ್ಲಿ ಇಳಿದಾಗ ಇನ್ನೂ ಕತ್ತಲೆ, ಚಳಿ. ಕಂಕುಳಲ್ಲಿ ಬೆಡ್‌ಶೀಟಿನಲ್ಲಿ ಸುತ್ತಿದ ಹದಿನಾಲ್ಕು ಚಿತ್ರ. ನಾಲ್ಕು ಜೋಗ ಜಲಪಾತ, ಮೂರು ಸೂರ್ಯಾಸ್ತ, ಎರಡು ಬುದ್ಧ, ಮಿಕ್ಕಿದ್ದೆಲ್ಲ ಗಣಪತಿ. ಎಲ್ಲವೂ ಕ್ಯಾಲೆಂಡರ್ ನೋಡಿ ಬರೆದದ್ದು. ಸಂಜೆಯೊಳಗೆ ಎಲ್ಲ ಖಾಲಿಯಾಗುತ್ತೆ ಅಂತ ವಾಪಸ್ ತರೋಕೆ ಚೀಲವನ್ನೂ ಒಯ್ದಿರಲಿಲ್ಲ ನಾನು!

ಎರಡು ಮರದ ನಡುವೆ ಹಗ್ಗ ಕಟ್ಟಿದೆ. ಚಿತ್ರಗಳನ್ನು ಸೆಲೋ ಟೇಪಿನಲ್ಲಿ ಅಂಟಿಸಿದೆ. ಕುರ್ಚಿ ತಂದಿರಲಿಲ್ಲ, ಫುಟ್‌ಪಾತಿನ ಅಂಚಿನಲ್ಲಿ ಕೂತೆ. ಮುಖ ಬಿಗಿ ಮಾಡಿಕೊಂಡು, ಗಿರಾಕಿಗಳ ಕಡೆಗಷ್ಟೇ ನೋಡ್ತಾ. ಪಕ್ಕದಲ್ಲಿ ಯಾರಿದ್ದಾರೆ ಅಂತ ತಿರುಗಿಯೂ ನೋಡಲಿಲ್ಲ. ಪಕ್ಕದವನು ಅಂದರೆ ಪೈಪೋಟಿ ಅಂತ ನನ್ನ ಲೆಕ್ಕ.

ಎಂಟು ಗಂಟೆ ಹೊತ್ತಿಗೆ ಗಾಳಿ ಬಂತು. ಟೇಪು ಬಿಟ್ಟಿತು. ನನ್ನ ಜೋಗ ಜಲಪಾತ ಹಾರಿಕೊಂಡು ಹೋಗಿ ರಸ್ತೆಯಾಚೆ ಕಡಲೆಕಾಯಿ ಮಾರುವವರ ಕಾಲಡಿ ಬಿತ್ತು. ಓಡಿಹೋಗಿ ತಂದೆ. ಅಷ್ಟರಲ್ಲಿ ಒಂದು ಸೂರ್ಯಾಸ್ತ ಹಾರಿತು. ಆಗ ಪಕ್ಕದ ಮರದ ಕೆಳಗಿಂದ ಒಂದು ದನಿ ಬಂತು.

"ತಮ್ಮಾ, ಬರೇ ಟೇಪ್ ಹಚ್ಚಿದ್ರ ನಿಲ್ಲಂಗಿಲ್ಲೋ. ಇವನ್ನ ತಗೋ."

ಅರವತ್ತು ದಾಟಿದ ಒಬ್ಬ ಯಜಮಾನರು. ಬಿಳಿ ಪಂಚೆ, ಮೇಲೊಂದು ಸ್ವೆಟರ್, ತಲೆಗೆ ಮಫ್ಲರ್. ಬಾಗಲಕೋಟೆ ಕಡೆಯವರು. ಮುಷ್ಟಿ ತುಂಬ ಕಬ್ಬಿಣದ ಕ್ಲಿಪ್ಪು ಚಾಚಿದ್ದರು. ಪರೀಕ್ಷೆಗೆ ಹೋಗುವ ಮಕ್ಕಳ ರಟ್ಟಿಗೆ ಹಾಕಿರುತ್ತಾರಲ್ಲ, ಅಂಥದ್ದು. "ಥ್ಯಾಂಕ್ಸ್ ಸರ್" ಅಂದೆ. "ಸರ್ ಗಿರ್ ಬ್ಯಾಡಪಾ, ಕಾಕಾ ಅನ್ನು" ಅಂದರು.

ಕಾಕಾ ಜೀವನವೆಲ್ಲ ಬೋರ್ಡ್ ಬರೆದವರು. ಅಂಗಡಿ ಬೋರ್ಡು, ಕಾಂಪೌಂಡ್ ಗೋಡೆಯ ಜಾಹೀರಾತು, ಲಾರಿ ಹಿಂದಿನ ಹೆಸರು, ಎಲೆಕ್ಷನ್ ಬಂದರೆ ಊರು ತುಂಬ ಚಿಹ್ನೆ. ಆಮೇಲೆ ಫ್ಲೆಕ್ಸ್ ಬಂತು. ಕೆಲಸ ನಿಂತಿತು. ಮನೆಯಲ್ಲಿ ಉಳಿದಿದ್ದ ಎನಾಮಲ್ ಬಣ್ಣದಲ್ಲೇ ಕುರಿ, ಬಾಗಿಲು, ಬಾವಿ, ಹೆಂಡತಿ ರೊಟ್ಟಿ ಬಡಿಯುವುದು, ಇದನ್ನೆಲ್ಲ ತಗಡಿನ ಮೇಲೆ ಬರೆಯೋಕೆ ಶುರು ಮಾಡಿದ್ದರು. ನಾನು ಅವುಗಳ ಕಡೆ ನೋಡಿದ್ದೇ ಆಗ. ನಿಜ ಹೇಳ್ತೀನಿ, ಹೊಟ್ಟೆಕಿಚ್ಚಾಯಿತು. ಆ ಕುರಿಗಳ ಮುಖದಲ್ಲಿ ಒಂದೊಂದಕ್ಕೂ ಬೇರೆ ಬೇರೆ ಸ್ವಭಾವ!

ಅವರು ನನ್ನ ಜೋಗದ ಮುಂದೆ ನಿಂತರು. ಬಹಳ ಹೊತ್ತು ನಿಂತರು. ಹೊಗಳಿಕೆ ಬರುತ್ತೆ ಅಂತ ನಾನು ಕಾಯ್ದೆ.

"ಇದನ್ನ ನೀ ಕಣ್ಲೆ ನೋಡಿಯೇನು?"

"ಇಲ್ಲ ಕಾಕಾ, ಕ್ಯಾಲೆಂಡರಲ್ಲಿ ಇತ್ತು."

"ಗೊತ್ತಾತು ಬಿಡು. ನೀರಿಗೆ ಸಪ್ಪಳನ ಇಲ್ಲ."

ಕೋಪ ಬಂತು ನನಗೆ. ನಾನು ಮೇಷ್ಟ್ರು, ಇವರು ಬೋರ್ಡ್ ಬರೆಯೋರು. ಅವರು ಅದನ್ನೆಲ್ಲ ಗಮನಿಸಲೇ ಇಲ್ಲ. "ನಿಮ್ಮೂರಾಗ ಏನೈತಿ?" ಅಂತ ಕೇಳಿದರು. ಹಾಸನ ಅಂದರೆ ಬೇಲೂರು ಹಳೇಬೀಡು ಅಂತ ಹೇಳಬಹುದಿತ್ತು. ಆದರೆ ಕೋಪದಲ್ಲಿ ಬಾಯಿಗೆ ಬಂದದ್ದು, "ಏನೂ ಇಲ್ಲ ಕಾಕಾ. ಆಲೂಗಡ್ಡೆ."

"ಹೌದಾ? ಆಲೂಗಡ್ಡಿ ಯಾವ ಬಣ್ಣ?"

"ಕಂದು."

"ಯಾವ ಕಂದು? ಮಣ್ಣು ಹತ್ತಿದ್ದೋ, ತೊಳದದ್ದೋ? ಬಿಸಿಲಿಗೆ ಬಿದ್ದು ಹಸರ ಆಗಿರ್ತೈತಲ್ಲ, ಅದೋ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಟ್ಟಿದಾಗಿನಿಂದ ಆಲೂಗಡ್ಡೆ ಮಧ್ಯೆ ಬೆಳೆದವನು ನಾನು. ಒಂದನ್ನೂ ಸರಿಯಾಗಿ ನೋಡಿರಲಿಲ್ಲ.

ಆಮೇಲೆ ಹಳೇ ಪೇಪರ್ ಹಾಸಿ, ಅಗಲ ಕುಂಚ ಕೊಟ್ಟು, "ಅ ಬರಿ" ಅಂದರು. ನಕ್ಕೆ. ಬರೆದೆ. ಸುರುಳಿಯ ಹತ್ತಿರ ಗೆರೆ ನಡುಗಿತು. "ಬೆರಳಿಂದ ಎಳಿಬ್ಯಾಡ, ಹೆಗಲಿಂದ ಎಳಿ. ಗೆರಿ ಮುಗಿಯೂತನ ಉಸುರು ಬಿಡಬ್ಯಾಡ" ಅಂದರು. ಇಪ್ಪತ್ತು ಸಲ ಬರೆಸಿದರು. ಎರಡನೇ ಜೋಗದ ಬೆಲೆ ಕೇಳಿಕೊಂಡು ಒಂದು ಜೋಡಿ ಬಂದು ನಿಂತಿತ್ತಂತೆ. ನಾನು ಪೇಪರ್ ಮೇಲೆ ಬಗ್ಗಿಕೊಂಡು ಅ ತಿದ್ದುತ್ತಿದ್ದೆ. ಅವರು ಹೊರಟುಹೋದರು. ಮೂವತ್ತೆರಡು ವರ್ಷದ ಡ್ರಾಯಿಂಗ್ ಮೇಷ್ಟ್ರು ರಸ್ತೆ ಬದಿಯಲ್ಲಿ ಅಕ್ಷರಾಭ್ಯಾಸ ಮಾಡ್ತಿದ್ದರೆ ಯಾರು ತಾನೇ ಚಿತ್ರ ಕೊಳ್ಳುತ್ತಾರೆ ಹೇಳಿ!

ಮಧ್ಯಾಹ್ನ ಅವರ ಜೋಳದ ರೊಟ್ಟಿ, ಶೇಂಗಾ ಚಟ್ನಿ, ನಮ್ಮಮ್ಮ ಕಟ್ಟಿಕೊಟ್ಟ ಪುಳಿಯೋಗರೆ ಹಂಚಿಕೊಂಡೆವು. ಇನ್ನೊಂದು ಕಡೆ ಕೂತಿದ್ದ ಕಾಲೇಜು ಹುಡುಗಿಯನ್ನೂ ಕಾಕಾ ಕರೆದರು. ಅವಳು ಸುಮ್ನೆ ಬಾಲ್ ಪೆನ್ನಿನಲ್ಲಿ, ಕಾಗದದ ಮೇಲೆ, ಸಿಟಿ ಬಸ್ಸಿನಲ್ಲಿ ನಿದ್ದೆ ಮಾಡುವವರನ್ನು ಬರೆಯುತ್ತಿದ್ದಳು. ಬಾಲ್ ಪೆನ್ನಿನಲ್ಲೂ ಚಿತ್ರ ಬರೆಯಬಹುದು ಅಂತ ಅವತ್ತೇ ನನಗೆ ತಿಳಿದದ್ದು.

ಸಂಜೆಗೆ ನನ್ನದು ಒಂದು ಗಣಪತಿ ಹೋಯಿತು, ಮುನ್ನೂರು ರೂಪಾಯಿಗೆ. ಹದಿಮೂರು ಚಿತ್ರ ಅದೇ ಬೆಡ್‌ಶೀಟಿನಲ್ಲಿ ವಾಪಸ್ ಬಂದವು. ವ್ಯಾಪಾರದ ಲೆಕ್ಕದಲ್ಲಿ ಪೂರ್ತಿ ನಷ್ಟ.

ಆದರೆ ಆ ವರ್ಷ ಮೇ ತಿಂಗಳಲ್ಲಿ ನಾನು ಬೆಳಗಿನ ಜಾವ ನಮ್ಮ ಎಪಿಎಂಸಿ ಯಾರ್ಡಿಗೆ ಹೋದೆ. ಕೈಯಲ್ಲಿ ಒಂದು ಬಾಲ್ ಪೆನ್. ನಿಮಗೆ ಗೊತ್ತಲ್ಲ, ಬಿತ್ತನೆ ಆಲೂಗಡ್ಡೆ ನಮಗೆ ಪಂಜಾಬಿನ ಜಲಂಧರ್ ಕಡೆಯಿಂದ ಬರುತ್ತೆ. ಲಾರಿ, ಮೂಟೆ, ಮೂಟೆಯ ಮೇಲೆ ನಮಗೆ ಓದೋಕೆ ಬಾರದ ಅಕ್ಷರ, ಹಮಾಲರ ಬೆನ್ನು, ಒಂದು ಮೂಟೆ ಬಿಚ್ಚಿ ಗಡ್ಡೆ ಕೊಯ್ದು ನೋಡುವ ರೈತನ ಬೆರಳು. ಮೂವತ್ತೆರಡು ವರ್ಷ ಅದರ ಪಕ್ಕದ ರಸ್ತೆಯಲ್ಲೇ ಓಡಾಡಿದ್ದೆ ನಾನು. ಒಂದು ವರ್ಷದಲ್ಲಿ ನಲವತ್ತು ಚಿತ್ರ ಬರೆದೆ. ಮುಂದಿನ ಸಂತೆಗೆ ಅವನ್ನು ತೂಗುಹಾಕಿದೆ, ಕ್ಲಿಪ್ಪು ಹಾಕಿ. ಒಬ್ಬರು ಬಂದು ನಿಂತರು. ಅಂಗಮಾರಿ ರೋಗ ಬಂದ ವರ್ಷದ ಹೊಲದ ಚಿತ್ರ ಅದು. "ನಮ್ಮಪ್ಪ ಹಿಂಗೇ ಕೂತಿದ್ರು" ಅಂದರು. ಬೆಲೆ ಕೂಡ ಕೇಳದೆ ಕೊಂಡರು. ಕಾಕಾ ಬಂದು ಮೂಟೆಯ ಚಿತ್ರಕ್ಕೆ ಮೂಗು ಹತ್ತಿರ ಮಾಡಿ, "ಈಗ ವಾಸನಿ ಬರಾಕ ಹತ್ತೈತಿ" ಅಂದರು.

ಗಾಜಿನ ಆಚೆ ಕೂತಿರುವವರು ಕೈಗಡಿಯಾರ ತೋರಿಸ್ತಾ ಇದ್ದಾರೆ. ಕಾಕಾನ ಕಥೆ ಶುರು ಮಾಡಿದರೆ ನನಗೆ ಹೀಗೇ ಆಗೋದು. ಬರೆದುಕೊಂಡು ಬಂದ ಎರಡು ಹಾಳೆ ಹಾಗೇ ಉಳಿದಿದೆ. ಬೇಗ ಬೇಗ ಹೇಳ್ತೀನಿ.

ಕಾಮಿಕ್ಸ್ ಬರೆಯುವ ಮಕ್ಕಳು ಕೇಳ್ತಾ ಇದ್ದರೆ, ನಿಮಗೂ ಮೇಳಗಳಿವೆ. 2011ರಲ್ಲಿ ದೆಹಲಿಯ ದಿಲ್ಲಿ ಹಾಟ್‌ನಲ್ಲಿ ಶುರುವಾದ ಕಾಮಿಕ್ ಕಾನ್ ಮರುವರ್ಷವೇ ಬೆಂಗಳೂರಿಗೂ ಬಂತು. ಅಲ್ಲಿ ಹೊಸಬರು ಒಂದೊಂದು ಟೇಬಲ್ ಹಾಕಿಕೊಂಡು ತಮ್ಮದೇ ಪುಸ್ತಕ, ಸ್ಟಿಕ್ಕರ್ ಇಟ್ಟು ಕೂರುವ ಸಾಲಿರುತ್ತೆ. ಜಪಾನಿನ ಟೋಕಿಯೊದಲ್ಲಿ ಕಾಮಿಕೆಟ್ ಅಂತ ನಡೆಯುತ್ತೆ. 1975ರ ಡಿಸೆಂಬರಿನಲ್ಲಿ 32 ಗುಂಪು, ಸುಮಾರು 700 ಜನ ಸೇರಿ ಶುರುವಾಯಿತು. ಈಗ ವರ್ಷಕ್ಕೆ ಎರಡು ಸಲ ಲಕ್ಷಾಂತರ ಜನ ಬರುತ್ತಾರೆ. ನನಗೆ ಇಷ್ಟವಾದದ್ದು ಅದರ ಗಾತ್ರ ಅಲ್ಲ. ಅದನ್ನು ನಡೆಸುವವರು ಗಿರಾಕಿ ಅನ್ನುವ ಮಾತನ್ನೇ ಒಪ್ಪುವುದಿಲ್ಲ. ಮಾರುವವರು, ಕೊಳ್ಳುವವರು, ಸಾಲು ನಿಲ್ಲಿಸುವ ಸ್ವಯಂಸೇವಕರು, ಎಲ್ಲರೂ ಭಾಗವಹಿಸುವವರೇ ಅಂತಾರೆ. ಅಂದರೆ ಏನಾಯಿತು? ಪಕ್ಕದ ಟೇಬಲಿನವರನ್ನು ಮಾತಾಡಿಸಿ ಅಂತ ತಾನೇ!

ಈಗಿನ ಹುಡುಗರ ಮೇಲೆ ನನಗೊಂದು ದೂರಿದೆ, ಬೇಜಾರು ಮಾಡಿಕೊಳ್ಳಬೇಡಿ. ಚಿತ್ರ ತೂಗುಹಾಕ್ತೀರಿ, ಹಣ ಕಳಿಸೋಕೆ ಕ್ಯೂಆರ್ ಕೋಡ್ ಅಂಟಿಸ್ತೀರಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮೊಬೈಲ್ ನೋಡ್ತಾ ಕೂತುಬಿಡ್ತೀರಿ. ಬೆಳಗಿಂದ ಸಂಜೆವರೆಗೆ ಎಡಗಡೆಯವರ ಹೆಸರು ಗೊತ್ತಿಲ್ಲ, ಬಲಗಡೆಯವರ ಊರು ಗೊತ್ತಿಲ್ಲ. ಅಷ್ಟಕ್ಕೆ ಅಷ್ಟು ದೂರ ಹೋಗಬೇಕಿತ್ತಾ? ಮನೆಯಲ್ಲೇ ಮೊಬೈಲ್ ನೋಡಬಹುದಿತ್ತಲ್ಲ. ನಾಚಿಕೆ ಆಗುತ್ತೆ ಅಂತೀರಾ? ಒಂದೇ ಒಂದು ಪ್ರಶ್ನೆ ಸಾಕು. "ಇದನ್ನ ಯಾವುದರಲ್ಲಿ ಬರೆದಿದ್ದೀರಿ?" ಅಂತ ಕೇಳಿ. ಇಷ್ಟು ಕೇಳಿದರೆ ಅರ್ಧ ಗಂಟೆ ಮಾತಾಡದ ಕಲಾವಿದರನ್ನು ನಾನು ಇದುವರೆಗೆ ನೋಡಿಲ್ಲ. ನನ್ನನ್ನೂ ಸೇರಿಸಿ!

ಅರ್ಜಿ ವಿಚಾರ. ಸಂತೆಗೆ ಮೊದಲೇ ಅರ್ಜಿ ಹಾಕಬೇಕು, ಹಿಂದಿನ ದಿನ ಹೋಗಿ ಜಾಗ ಕೇಳಿದರೆ ಆಗಲ್ಲ. ಬೆಲೆ ವಿಚಾರ ಕೇಳಬೇಡಿ, ನನಗೂ ಬರಲ್ಲ. ಪಕ್ಕದವರನ್ನು ಕೇಳಿ. ಚಿಕ್ಕ ಚಿತ್ರ ಜಾಸ್ತಿ ಒಯ್ಯಿರಿ, ಬಸ್ಸಿನಲ್ಲಿ ಬಂದವರು ದೊಡ್ಡದನ್ನು ಹೊತ್ತುಕೊಂಡು ಹೋಗಲ್ಲ. ನೀರಿನ ಬಾಟಲಿ, ಟೋಪಿ, ಪ್ಲಾಸ್ಟಿಕ್ ಹಾಳೆ ಇರಲಿ. ಊಟ ಇಬ್ಬರಿಗಾಗುವಷ್ಟು ಕಟ್ಟಿಸಿಕೊಳ್ಳಿ, ಯಾಕೆ ಅಂತ ಆಗಲೇ ಹೇಳಿದ್ದೀನಿ. ಮತ್ತೆ, ಮಾರಾಟ ಆಗದಿದ್ದರೆ ಅಲ್ಲೇ ಮುಖ ಸಪ್ಪೆ ಮಾಡಿ ಕೂರಬೇಡಿ. ಚಿತ್ರಗಳನ್ನು ಪಕ್ಕದವರಿಗೆ ಒಪ್ಪಿಸಿ ಪರಿಷತ್ತಿನ ಒಳಗೆ ಹೋಗಿ. ಅಲ್ಲಿ ತೊಗಲುಗೊಂಬೆಗಳ ಸಂಗ್ರಹ ಇದೆ. ಆ ಗೊಂಬೆಗಳ ಕಣ್ಣು ನೋಡಿ. ಅದರ ಬಗ್ಗೆ ಒಂದು ಪೂರ್ತಿ ಹಾಳೆ ಬರೆದಿದ್ದೆ. ಇರಲಿ, ಇನ್ನೊಮ್ಮೆ ಕರೆದರೆ ಓದ್ತೀನಿ.

ಒಂದು ಸಣ್ಣ ವಿಷಯ ಹೇಳಿ ಎದ್ದುಬಿಡ್ತೀನಿ. ಕಾಕಾ ಈಗ ಸಂತೆಗೆ ಬರುವುದಿಲ್ಲ. ಮಂಡಿ ನೋವು, ರಾತ್ರಿ ರೈಲಿನಲ್ಲಿ ಕೂರೋಕೆ ಆಗಲ್ಲ ಅಂತಾರೆ. ಅವರು ಕೊಟ್ಟ ಹನ್ನೆರಡು ಕ್ಲಿಪ್ಪುಗಳಲ್ಲಿ ಏಳು ನನ್ನ ಹತ್ತಿರ ಇವೆ. ಐದು ಬೇರೆ ಬೇರೆ ವರ್ಷ ಬೇರೆ ಬೇರೆ ಮಕ್ಕಳ ಹಗ್ಗಕ್ಕೆ ಹೋದವು, ವಾಪಸ್ ಬಂದಿಲ್ಲ. ಬರುವ ಜನವರಿಯಲ್ಲಿ ಕುಮಾರಕೃಪಾ ರಸ್ತೆಗೆ ಬಂದರೆ ಆಲೂಗಡ್ಡೆ ಮೂಟೆಯ ಚಿತ್ರ ಎಲ್ಲಿ ತೂಗ್ತಾ ಇದೆ ನೋಡಿ. ಅಲ್ಲಿ ನಾನಿರ್ತೀನಿ. ಗಾಳಿ ಬಂದರೆ ಬನ್ನಿ, ಬರದಿದ್ದರೂ ಬನ್ನಿ.

ನಮಸ್ಕಾರ.