ಎಸೆಯುವ ಮೊದಲು ಬೀಳಬೇಕು

ಎಲ್ಲರಿಗೂ ನಮಸ್ಕಾರ.

ಜೂಡೋ ಸೇರಲು ಬಂದವರು ಮೊದಲ ದಿನವೇ ಕೇಳುವ ಪ್ರಶ್ನೆ ಒಂದಿದೆ. "ಎಸೆಯುವುದನ್ನು ಯಾವಾಗ ಹೇಳಿಕೊಡ್ತೀರಿ?" ಬೀಳುವುದನ್ನು ಯಾವಾಗ ಹೇಳಿಕೊಡ್ತೀರಿ ಅಂತ ಕೇಳಿದವರು ನನಗಂತೂ ಸಿಕ್ಕಿಲ್ಲ. ಆದರೆ ಮೊದಲ ಕೆಲವು ವಾರ ಅವರು ಜಾಸ್ತಿ ಮಾಡುವುದು ಅದನ್ನೇ. ಬೀಳುವುದು, ಏಳುವುದು, ಮತ್ತೆ ಬೀಳುವುದು. ಜೂಡೋದಲ್ಲಿ ಇದಕ್ಕೆ ಉಕೆಮಿ ಅನ್ನುತ್ತಾರೆ. ಬೇಜಾರಾಗಿ ಅರ್ಧಕ್ಕೇ ಬಿಟ್ಟುಹೋಗುವವರೂ ಇದ್ದಾರೆ. ಆ ಬೇಜಾರಿನ ಕೆಲಸದ ಬಗ್ಗೆಯೇ ಇವತ್ತಿನ ಮಾತು.

ಜೂಡೋ ಹುಟ್ಟುಹಾಕಿದ ಜಿಗೊರೊ ಕಾನೊ 1882ರಲ್ಲಿ ಟೋಕಿಯೋದ ಒಂದು ದೇವಸ್ಥಾನದಲ್ಲಿ ಕೊಡೊಕಾನ್ ಎಂಬ ತಮ್ಮ ಜೂಡೋ ಶಾಲೆ ಶುರು ಮಾಡಿದರು. ಅವರು ಕಲಿತು ಬಂದಿದ್ದು ಜಪಾನಿನ ಹಳೆಯ ಸಮರಕಲೆ ಜುಜುತ್ಸು. ಅದರಲ್ಲಿದ್ದ ಅಪಾಯದ ಪಟ್ಟುಗಳನ್ನು ಮುಕ್ತ ಅಭ್ಯಾಸದಿಂದ ದೂರ ಇಟ್ಟರು. ಉಳಿದದ್ದನ್ನು ಪೂರ್ತಿ ಬಲ ಹಾಕಿ ಆಡಬಹುದು ಎನ್ನುವ ಹಾಗೆ ಮಾಡಿದರು. ಇದು ನಡೆಯಬೇಕಾದರೆ ಬಿದ್ದವನು ಎದ್ದು ಮತ್ತೆ ಹಿಡಿತಕ್ಕೆ ಬರಬೇಕು, ಅಲ್ವಾ? ಬಿದ್ದವನು ಬಿದ್ದಲ್ಲೇ ಉಳಿದರೆ ಅಭ್ಯಾಸ ಅಲ್ಲಿಗೇ ಮುಗಿಯಿತು. ಹಾಗಾಗಿ ಉಕೆಮಿ ಇಲ್ಲದೆ ಜೂಡೋ ನಡೆಯುವುದೇ ಇಲ್ಲ.

ತೊಂದರೆ ಶುರುವಾಗುವುದು ನಮ್ಮ ಕೈಯಿಂದ. ಬೀಳುತ್ತೇವೆ ಅನ್ನಿಸಿದ ಕೂಡಲೇ ಕೈ ತಾನಾಗಿಯೇ ಮುಂದೆ ಹೋಗುತ್ತದೆ. ಯಾರೂ ಕಲಿಸಿದ್ದಲ್ಲ. ಅಂಗೈ ನೆಲಕ್ಕೆ ಊರಿ, ಮೊಣಕೈ ಸೆಟೆದು ನಿಂತರೆ ಇಡೀ ಮೈಭಾರ ಆ ಒಂದು ಕೈಯ ಮೇಲೆ ಬರುತ್ತದೆ. ಆಗ ಮಣಿಕಟ್ಟು ಮುರಿಯಬಹುದು, ಇಲ್ಲ ಮೊಣಕೈ ಕೀಲು ತಪ್ಪಬಹುದು. ಎರಡೂ ತಡೆದುಕೊಂಡರೆ ಏಟು ಮೇಲಕ್ಕೆ ಹೋಗಿ ಕಾಲರ್ ಮೂಳೆಗೆ ಬೀಳುತ್ತದೆ. ಇಂಥ ಹುಟ್ಟು ಅಭ್ಯಾಸವನ್ನು ಬಾಯಿಮಾತಲ್ಲಿ ಬಿಡಿಸಲು ಆಗುವುದಿಲ್ಲ. "ಕೈ ಊರಬೇಡ" ಅಂತ ನೂರು ಸಲ ಹೇಳಿದರೂ ಬೀಳುವಾಗ ಊರೇ ಊರುತ್ತಾರೆ. ಕೈಗೆ ಬೇರೆ ಕೆಲಸ ಕೊಡಬೇಕು. ಜೂಡೋದವರು ಮ್ಯಾಟ್ ಮೇಲೆ ಪಟ್ ಅಂತ ಹೊಡೆಯುವುದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು ಅಂತ ನನ್ನ ಅನಿಸಿಕೆ.

ಹಿಂದಕ್ಕೆ ಬೀಳುವುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕುಕ್ಕರಗಾಲಲ್ಲಿ ಕೂತಿದ್ದೀರಿ, ಎರಡೂ ಕೈ ಎದೆಯ ಮುಂದೆ ಇವೆ. ಗದ್ದ ಎದೆಗೆ ತಾಗುವಷ್ಟು ಕೆಳಗಿದೆ, ಕಣ್ಣು ನಿಮ್ಮ ಬೆಲ್ಟಿನ ಗಂಟಿನ ಮೇಲೆ. ಬಾಯಿ ಮುಚ್ಚಿರಲಿ, ಇಲ್ಲದಿದ್ದರೆ ನಾಲಗೆ ಹಲ್ಲಿಗೆ ಸಿಗುತ್ತದೆ. ಕುಂಡಿಯನ್ನು ಹಿಮ್ಮಡಿಗೆ ಆದಷ್ಟು ಹತ್ತಿರ ಇಳಿಸಿ, ದೂರಕ್ಕೆ ಕುಕ್ಕಬೇಡಿ. ಅಲ್ಲಿಂದ ಸೊಂಟ, ಬೆನ್ನು, ಹೆಗಲು ಒಂದಾದ ಮೇಲೊಂದು ಚಕ್ರದ ಹಾಗೆ ನೆಲಕ್ಕೆ ತಾಗಬೇಕು. ಹೆಗಲು ತಾಗುವ ಹೊತ್ತಿಗೆ ಎರಡೂ ಕೈ ಅಂಗೈಯಿಂದ ಮೊಣಕೈವರೆಗೆ ಒಟ್ಟಿಗೆ ಮ್ಯಾಟ್‌ಗೆ ಹೊಡೆಯಬೇಕು. ಕೈ ಮೈಯಿಂದ ಸುಮಾರು 30ರಿಂದ 45 ಡಿಗ್ರಿ ದೂರ ಇರಲಿ. ಹೆಗಲ ಮಟ್ಟಕ್ಕೆ ಚಾಚಿದರೆ ಹೆಗಲ ಕೀಲಿಗೆ ಪೆಟ್ಟು. ತೀರಾ ಮೈಗೆ ಅಂಟಿಸಿಕೊಂಡರೆ ನಿಮ್ಮ ಕೈ ಮೇಲೆ ನೀವೇ ಬೀಳುತ್ತೀರಿ. ಇಷ್ಟೂ ಹೊತ್ತು ಉಸಿರು ಹೊರಗೆ ಹೋಗುತ್ತಿರಬೇಕು, ತಲೆ ಮಾತ್ರ ನೆಲ ಮುಟ್ಟಲೇಬಾರದು.

ಪಕ್ಕಕ್ಕೆ ಬೀಳುವುದು ಇದರ ಅಣ್ಣತಮ್ಮ. ಅಲ್ಲಿ ಎಚ್ಚರ ಬೇಕಾಗಿರುವುದು ಕಾಲಿನ ಬಗ್ಗೆ. ಒಂದರ ಮೇಲೊಂದು ಕಾಲು ಬಿದ್ದರೆ ಕಾಲಗಂಟಿಗೆ ಕಾಲಗಂಟು ಬಡಿಯುತ್ತದೆ. ಆ ನೋವು ಒಮ್ಮೆ ಅನುಭವಿಸಿದವರಿಗೆ ಮತ್ತೆ ಹೇಳಬೇಕಾಗಿಲ್ಲ. ಮುಂದಕ್ಕೆ ಉರುಳುವಾಗ ಜನ ಲಾಗ ಹೊಡೆಯುವ ಹಾಗೆ ನೆತ್ತಿ ಊರಲು ಹೋಗುತ್ತಾರೆ. ಅದು ತಪ್ಪು. ಬಲಗೈಯ ಅಂಚಿನಿಂದ ಹೆಗಲಿಗೆ, ಹೆಗಲಿನಿಂದ ಬೆನ್ನಿಗೆ ಅಡ್ಡಲಾಗಿ ಎಡ ಸೊಂಟಕ್ಕೆ ಉರುಳಬೇಕು. ನೆತ್ತಿಗೂ ಬೆನ್ನಹುರಿಯ ನಡುಗೆರೆಗೂ ಕೆಲಸವೇ ಇಲ್ಲ.

ಈಗ ಆ ಶಬ್ದದ ವಿಷಯ. ಜೋರಾಗಿ ಸದ್ದು ಮಾಡಿದವನೇ ಚೆನ್ನಾಗಿ ಬಿದ್ದ ಅಂತ ಬಹಳ ಜನ ತಿಳಿದಿದ್ದಾರೆ. ಮಕ್ಕಳಂತೂ ಸುಮ್ನೆ ಸದ್ದಿನ ಪೈಪೋಟಿಗೇ ಇಳಿಯುತ್ತಾರೆ. ನೆದರ್‌ಲ್ಯಾಂಡ್ಸ್‌ನಲ್ಲಿ ಸಂಶೋಧಕರು ಪಕ್ಕಕ್ಕೆ ಬೀಳುವಾಗ ಸೊಂಟದ ಮೇಲೆ ಎಷ್ಟು ಬಲ ಬೀಳುತ್ತದೆ ಅಂತ ಅಳೆದು ನೋಡಿದರು. ಕೈ ಊರಿ ಬೀಳುವುದಕ್ಕಿಂತ ಸಮರಕಲೆಯ ರೀತಿ ಉರುಳಿ ಬಿದ್ದಾಗ ಆ ಬಲ ಶೇಕಡಾ 25ಕ್ಕಿಂತ ಜಾಸ್ತಿ ಕಡಿಮೆಯಾಗಿತ್ತು. ಕೈಯಿಂದ ನೆಲ ಹೊಡೆಯದಿದ್ದರೂ ಹೆಚ್ಚುಕಡಿಮೆ ಅಷ್ಟೇ ಲಾಭ ಇತ್ತು. ಅಂದರೆ ಕಾಪಾಡಿದ್ದು ಉರುಳುವಿಕೆ. ಕೈಯೇಟು ಬೇಡ ಅಂತಲ್ಲ, ಕೈಯನ್ನು ಸರಿಯಾದ ಜಾಗದಲ್ಲಿ ಇಡಲು ಅದು ಬೇಕು. ಆದರೆ ಗದ್ದ ಮೇಲೆತ್ತಿಕೊಂಡು ಎಷ್ಟೇ ಜೋರಾಗಿ ಹೊಡೆದರೂ ಏನೂ ಪ್ರಯೋಜನ ಇಲ್ಲ. ನಾನು ಹೊಸಬರ ಕೈ ನೋಡುವುದೇ ಕಡಿಮೆ, ಕುತ್ತಿಗೆ ನೋಡುತ್ತೇನೆ.

ಕುತ್ತಿಗೆ ಯಾಕೆ ಅಂತ ಜಪಾನಿನ ಅನುಭವ ಹೇಳುತ್ತದೆ. 1983ರಿಂದ ಸುಮಾರು ಮೂರು ದಶಕಗಳಲ್ಲಿ ಅಲ್ಲಿನ ಶಾಲೆಗಳಲ್ಲಿ ಜೂಡೋ ಆಡುತ್ತಾ ನೂರಕ್ಕೂ ಹೆಚ್ಚು ಮಕ್ಕಳು ಸತ್ತರು. ತಲೆಪೆಟ್ಟು ಅದಕ್ಕೆ ದೊಡ್ಡ ಕಾರಣ. ಅವರಲ್ಲಿ ಹೊಸದಾಗಿ ಸೇರಿದವರೇ ಜಾಸ್ತಿ. 2012ರಲ್ಲಿ ಅಲ್ಲಿನ ಮಾಧ್ಯಮಿಕ ಶಾಲೆಗಳಲ್ಲಿ ಸಮರಕಲೆ ಕಡ್ಡಾಯ ಆಗುವ ಹೊತ್ತಿಗೆ ಈ ಲೆಕ್ಕ ದೊಡ್ಡ ಚರ್ಚೆಯಾಯಿತು. ಪದೇ ಪದೇ ಕೇಳಿಬಂದ ಪಟ್ಟು ಒಸೊತೊ-ಗಾರಿ. ಎದುರಾಳಿಯ ಕಾಲನ್ನು ಹೊರಗಿನಿಂದ ತನ್ನ ಕಾಲಿನಿಂದ ಸೆಳೆದು ನೇರ ಹಿಂದಕ್ಕೆ ಕೆಡವುವ ಪಟ್ಟು ಅದು. ಬೀಳುವವನಿಗೆ ನೆಲ ಕಾಣುವುದಿಲ್ಲ, ತಲೆ ರಭಸದಿಂದ ಹಿಂದಕ್ಕೆ ಹೋಗುತ್ತದೆ. ತಲೆಬುರುಡೆ ಒಡೆಯಲೇಬೇಕು ಅಂತಿಲ್ಲ. ತಲೆ ಜೋರಾಗಿ ತಿರುಗಿ ನಿಂತರೆ ಮಿದುಳಿಗೂ ಅದರ ಹೊದಿಕೆಗೂ ನಡುವಿನ ಸಣ್ಣ ರಕ್ತನಾಳ ಹರಿದು ಒಳಗೇ ರಕ್ತ ಕಟ್ಟಬಹುದು. ಹೊರಗೆ ಒಂದು ಗೀರೂ ಇರುವುದಿಲ್ಲ.

ಅದಕ್ಕೇ ಬೀಳುವವನ ಮೇಲೆ ಮಾತ್ರ ಹೊಣೆ ಹಾಕುವುದು ಸರಿಯಲ್ಲ ಅನ್ನುತ್ತೇನೆ. ಎಸೆಯುವವನ ಕೈಯಲ್ಲಿ ಎದುರಾಳಿಯ ತೋಳಿನ ಬಟ್ಟೆ ಇರುತ್ತದೆ. ಕೊನೆಯ ಗಳಿಗೆಯಲ್ಲಿ ಅದನ್ನು ಮೇಲಕ್ಕೆ ಎಳೆದು ಹಿಡಿದರೆ ಬೀಳುವವನ ತಲೆ ಮೇಲೇ ಉಳಿಯುತ್ತದೆ. ಕೈ ಬಿಟ್ಟರೆ, ಅಥವಾ ಎಸೆದವನೇ ಮೇಲೆ ಕುಸಿದರೆ, ಎಂಥ ಉಕೆಮಿಯೂ ಸಾಲದು. ಹೊಸಬರನ್ನು ಹೊಸಬರ ಜೊತೆ ಜೋಡಿ ಮಾಡಿ ಒಸೊತೊ-ಗಾರಿ ಮಾಡಿಸುವ ತರಬೇತುದಾರರು ಇನ್ನೂ ಇದ್ದಾರೆ. ಅದು ಶುದ್ಧ ಬೇಜವಾಬ್ದಾರಿ.

ಟಿವಿಯಲ್ಲಿ ಪಂದ್ಯ ನೋಡಿ ಬಂದ ಮಕ್ಕಳಿಗೂ ಒಂದು ಮಾತು. ಅಲ್ಲಿ ಆಟಗಾರರು ಬೆನ್ನು ತಾಗದಿರಲಿ ಅಂತ ಗಾಳಿಯಲ್ಲೇ ತಿರುಚಿಕೊಂಡು ಹೊಟ್ಟೆ ಮೇಲೆ ಬೀಳುತ್ತಾರೆ. ಅದು ಅಂಕ ಉಳಿಸಿಕೊಳ್ಳುವ ಆಟ, ಬೀಳುವ ಪಾಠವಲ್ಲ. ಆ ಆಟಕ್ಕೂ ಮಿತಿ ಇದೆ. ತಲೆ ಮತ್ತು ಹಿಮ್ಮಡಿ ಊರಿ ಬಿಲ್ಲಿನಂತೆ ಬಾಗಿ ಬಿದ್ದರೂ ಎದುರಾಳಿಗೆ ಇಪ್ಪೋನ್, ಅಂದರೆ ಪಂದ್ಯ ಗೆಲ್ಲಿಸುವ ಪೂರ್ಣ ಅಂಕ, ಸಿಗುತ್ತದೆ. ಪಟ್ಟು ಹಾಕುವಾಗ ತಲೆ ಮುಂದಾಗಿ ನೆಲಕ್ಕೆ ಹಾರಿದರೆ ಪಂದ್ಯದಿಂದಲೇ ಹೊರಗೆ.

ಜೂಡೋ ಆಡದವರಿಗೆ ಇದರಿಂದ ಏನು? ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಜಗತ್ತಿನಲ್ಲಿ ವರ್ಷಕ್ಕೆ 6,84,000 ಜನ ಬಿದ್ದು ಸಾಯುತ್ತಾರೆ, 60 ದಾಟಿದವರೇ ಹೆಚ್ಚು. ಅವರನ್ನೆಲ್ಲ ಮ್ಯಾಟ್‌ಗೆ ಕರೆತಂದು ಉರುಳಿಸಿ ಅಂತ ನಾನು ಹೇಳುವುದಿಲ್ಲ. ಮೂಳೆ ಸವೆದವರಿಗೆ ಅಭ್ಯಾಸವೇ ಅಪಾಯ. ಆದರೆ ಚಿಕ್ಕ ವಯಸ್ಸಿನಲ್ಲಿ ಕಲಿತ ಗದ್ದ ಒಳಗೆ ಎಳೆದುಕೊಳ್ಳುವ ಅಭ್ಯಾಸ ಎಷ್ಟೋ ಕಾಲ ಮೈಯಲ್ಲಿ ಉಳಿಯುತ್ತದೆ.

ಮಾತು ಸಾಕು. ಕುತ್ತಿಗೆ, ಬೆನ್ನು ನೋವಿರುವವರು ಕೂತೇ ನೋಡಿ. ಉಳಿದವರು ವಾಚು, ಉಂಗುರ, ಸರ ತೆಗೆದಿಟ್ಟು ಮ್ಯಾಟ್‌ಗೆ ಬನ್ನಿ. ಯಾರೂ ನಿಂತುಕೊಂಡು ಬೀಳುವುದು ಬೇಡ. ಮೊದಲು ಅಂಗಾತ ಮಲಗಿ, ಗದ್ದ ಎದೆಗೆ ತನ್ನಿ, ಬೆಲ್ಟ್ ಇಲ್ಲದವರು ಹೊಕ್ಕುಳ ನೋಡಿ. ಕೈ ಆಮೇಲೆ.