58ಕ್ಕೆ 58 ಗೆದ್ದ ಮುಖ್ಯಮಂತ್ರಿಗೆ ಕಂಪನಿ ಬೋರ್ಡ್‌ನಲ್ಲಿ ಏನು ಕೆಲಸ?

[ಪರದೆ: ಕೆನಡಾದ ನಕ್ಷೆ. ಪೂರ್ವದ ಅಂಚಿನಲ್ಲಿ ನ್ಯೂ ಬ್ರನ್ಸ್‌ವಿಕ್]

ನಮಸ್ಕಾರ. ಈ ಪ್ರಾಂತ್ಯದ ಜನಸಂಖ್ಯೆ ಆಗ 7 ಲಕ್ಷ ಚಿಲ್ಲರೆ. ನಮ್ಮ ಒಂದು ಲೋಕಸಭಾ ಕ್ಷೇತ್ರದ ಅರ್ಧದಷ್ಟೂ ಇಲ್ಲ. ಇಲ್ಲಿ ಮುಖ್ಯಮಂತ್ರಿಯಾಗಿದ್ದ ಫ್ರಾಂಕ್ ಮೆಕೆನಾ 2010ರಲ್ಲಿ ಬ್ರೂಕ್‌ಫೀಲ್ಡ್ ಎಂಬ ದೈತ್ಯ ಹೂಡಿಕೆ ಕಂಪನಿಯ ಮಂಡಳಿ ಅಧ್ಯಕ್ಷರಾದರು. ಇಂಥವರಲ್ಲಿ ಕಂಪನಿಗಳು ಕಾಣುವುದಾದರೂ ಏನನ್ನು?

ಹಿನ್ನೆಲೆ ಬೇಗ ಮುಗಿಸೋಣ. ವಕೀಲರು. 1982ರಲ್ಲಿ ಶಾಸಕರು, 1985ರಲ್ಲಿ ಲಿಬರಲ್ ಪಕ್ಷದ ನಾಯಕರು. 1987ರ ಅಕ್ಟೋಬರ್ 13ರ ಚುನಾವಣೆಯಲ್ಲಿ 58ಕ್ಕೆ 58 ಸ್ಥಾನವೂ ಅವರ ಪಕ್ಷಕ್ಕೆ. ವಿರೋಧ ಪಕ್ಷದ ಒಬ್ಬ ಶಾಸಕನೂ ಇಲ್ಲದ ವಿಧಾನಸಭೆ! ನಮ್ಮಲ್ಲಿ ಸಿಕ್ಕಿಂ 1989ರಲ್ಲಿ ಇಂಥದ್ದೇ ಫಲಿತಾಂಶ ಕಂಡಿತ್ತು, 32ಕ್ಕೆ 32.

[ಪರದೆ: ಫೋನಿನ ಗುಂಡಿಗಳು, ಹತ್ತಿರದಿಂದ]

ನನಗೆ ಗೆಲುವಿಗಿಂತ ದೊಡ್ಡದಾಗಿ ಕಾಣುವುದು ಒಂದು ಫೋನ್ ನಂಬರ್. 1-800, ಅದರ ಮುಂದೆ ಅಂಕಿಯ ಬದಲು ಮೆಕೆನಾ ಅವರ ಹೆಸರು. ಹಳೇ ಗುಂಡಿ ಮೊಬೈಲಿನಲ್ಲಿ ಮೆಸೇಜ್ ಒತ್ತಿದವರಿಗೆ ಇದು ತಕ್ಷಣ ಗೊತ್ತಾಗುತ್ತದೆ: 2ರ ಮೇಲೆ ಎ, ಬಿ, ಸಿ, 6ರ ಮೇಲೆ ಎಂ, ಎನ್, ಒ. ಅವರ ಹೆಸರಿಗೆ ಇಂಗ್ಲಿಷಿನಲ್ಲಿ ಸರಿಯಾಗಿ 7 ಅಕ್ಷರ; ನಂಬರಿಗೆ ಬೇಕಾದದ್ದೂ 7 ಅಂಕಿ. ಎಂ ಮತ್ತು ಎರಡು ಎನ್ ಒತ್ತಲು 6, ಸಿ ಮತ್ತು ಎ ಒತ್ತಲು 2. ಬಂಡವಾಳ ಹೂಡುವ ಕಂಪನಿ ಈ ನಂಬರ್ ಒತ್ತಿದರೆ ಸಾಕು, ಕಾಲ್ ಉಚಿತ.

ಮಾರಲು ಅವರ ಬಳಿ ಸರಕೂ ಇತ್ತು. ಪ್ರಾಂತ್ಯದ ಟೆಲಿಫೋನ್ ಜಾಲ ಡಿಜಿಟಲ್ ಆಗಿತ್ತು. ಸುಮಾರು ಮೂರನೇ ಒಂದರಷ್ಟು ಜನರ ಮಾತು ಫ್ರೆಂಚ್, ಹಾಗಾಗಿ ಒಂದೇ ಕೇಂದ್ರದಲ್ಲಿ ಇಂಗ್ಲಿಷ್, ಫ್ರೆಂಚ್ ಎರಡಕ್ಕೂ ಉತ್ತರ ಸಿಗುತ್ತಿತ್ತು. ಗಡಿಯಾರ ಟೊರಾಂಟೊಗಿಂತ 1 ಗಂಟೆ ಮುಂದೆ. ಮೀನು, ಮರ, ಗಣಿ ನಂಬಿದ್ದ ಊರುಗಳಿಗೆ ಕಾಲ್ ಸೆಂಟರ್‌ಗಳು ಬಂದವು. ಸಂಬಳ ಕಡಿಮೆ ಎಂಬ ಟೀಕೆ ಕೂಡ ಬಂತು, ಅದರಲ್ಲಿ ಹುರುಳಿತ್ತು. ಆದರೆ ಈ ಹತ್ತು ವರ್ಷಗಳಲ್ಲಿ ಕಂಪನಿ ಮುಖ್ಯಸ್ಥರಿಗೆ ಮೆಕೆನಾ ಪರಿಚಯವಾದದ್ದು ಮುಂದೆ ಕೂತು ವ್ಯವಹಾರ ಕುದುರಿಸುವವರಾಗಿ. ಅವರ ಬೋರ್ಡ್‌ರೂಮಿನ ತರಬೇತಿ ನಡೆದದ್ದು ಅಲ್ಲೇ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಹತ್ತೇ ವರ್ಷ ಇರುತ್ತೇನೆ ಎಂದಿದ್ದರು. 1997ರ ಅಕ್ಟೋಬರ್ 13ಕ್ಕೆ, ದಿನ ತಪ್ಪದೆ ಕುರ್ಚಿ ಬಿಟ್ಟರು. ಸೋತು ಹೊರಬಿದ್ದವರಿಗೂ ಹೀಗೆ ಎದ್ದು ಹೋದವರಿಗೂ ಬೋರ್ಡ್‌ಗಳು ಕೊಡುವ ಬೆಲೆ ಒಂದೇ ಅಲ್ಲ.

[ಪರದೆ: ಉದ್ದನೆ ಮೇಜು, ಪ್ರತಿ ಕುರ್ಚಿಯ ಮುಂದೆ ದಪ್ಪ ಕಡತ]

ಮಂಡಳಿ ಅಧ್ಯಕ್ಷರು ಕಂಪನಿ ನಡೆಸುವುದಿಲ್ಲ. ಅದು ಸಿಇಒ ಕೆಲಸ. ಅಧ್ಯಕ್ಷರು ಸಭೆಯ ಕಾರ್ಯಸೂಚಿ ನಿಗದಿಮಾಡುತ್ತಾರೆ, ಕಡತಗಳು ಮುಂಚಿತವಾಗಿ ನಿರ್ದೇಶಕರ ಕೈಸೇರುವಂತೆ ನೋಡಿಕೊಳ್ಳುತ್ತಾರೆ. ಸಿಇಒ ಹೊರಗೆ ಹೋದ ಮೇಲೆ ಸ್ವತಂತ್ರ ನಿರ್ದೇಶಕರನ್ನಷ್ಟೇ, ಅಂದರೆ ಕಂಪನಿಯ ಆಡಳಿತಕ್ಕೆ ಸೇರದ ಹೊರಗಿನವರನ್ನಷ್ಟೇ, ಕೂರಿಸಿಕೊಂಡು ಮಾತಾಡುತ್ತಾರೆ. ಸಂಪುಟ ಸಭೆ ನಡೆಸಿದವರಿಗೆ ಇದು ಹೊಸತಲ್ಲ. ಗೌರವಧನದ ಒಂದು ಪಾಲು ಕೆನಡಾದಲ್ಲಿ ಸಾಮಾನ್ಯವಾಗಿ ಷೇರು ಬೆಲೆಗೆ ತಳುಕು ಹಾಕಿದ ಯೂನಿಟ್‌ಗಳಲ್ಲಿ ಬರುತ್ತದೆ, ನಗದಾಗುವುದು ಮಂಡಳಿ ಬಿಟ್ಟ ಮೇಲೆ. ಷೇರು ಕುಸಿದರೆ ನಿರ್ದೇಶಕರ ಜೇಬಿಗೂ ಕತ್ತರಿ.

ಎಡವಟ್ಟಾಗುವುದು ಕುರ್ಚಿಗಳು ಹೆಚ್ಚಾದಾಗ. ತ್ರೈಮಾಸಿಕ ಫಲಿತಾಂಶ ಎಲ್ಲ ಕಂಪನಿಗಳದ್ದೂ ಅದೇ ಕೆಲವು ವಾರಗಳಲ್ಲಿ. ಐದಾರು ಮಂಡಳಿಗಳಲ್ಲಿ ಕೂತವರು ಕಡತ ಓದುವುದು ಯಾವಾಗ? ಅದಕ್ಕೇ ಭಾರತದಲ್ಲಿ ಷೇರುಪೇಟೆ ನಿಯಂತ್ರಕ ಸೆಬಿ ಒಬ್ಬ ನಿರ್ದೇಶಕರಿಗೆ 7 ಲಿಸ್ಟೆಡ್ (ಷೇರುಪೇಟೆಯಲ್ಲಿರುವ) ಕಂಪನಿಗಳ ಮಿತಿ ಹಾಕಿದೆ. ನನ್ನ ಪ್ರಕಾರ ಅದೂ ಜಾಸ್ತಿಯೇ.

ಸಮಯ ಕಡಿಮೆಯಿದೆ, ಉಳಿದದ್ದು ಒಟ್ಟಿಗೆ. 2005ರಲ್ಲಿ ಅಮೆರಿಕಕ್ಕೆ ರಾಯಭಾರಿ. 2006ರಲ್ಲಿ ಸರ್ಕಾರ ಬದಲಾದಾಗ ವಾಪಸ್, ಅದೇ ವರ್ಷ ಕೆನಡಾದ ದೊಡ್ಡ ಬ್ಯಾಂಕುಗಳಲ್ಲೊಂದಾದ ಟಿಡಿ ಬ್ಯಾಂಕಿನ ಡೆಪ್ಯುಟಿ ಚೇರ್. ದೊಡ್ಡ ಗ್ರಾಹಕರನ್ನು ಕರೆತರುವ ಹೊಣೆ, ಅಂದರೆ ಮತ್ತೆ ಫೋನಿನ ಕೆಲಸ! ಹೀಗೆ ಸರ್ಕಾರದಿಂದ ಕಂಪನಿಗೆ ಹೋಗುವವರಿಗೆ ಲಗಾಮು ಬೇಕು ಎಂಬ ಕೂಗು ಜೋರಾಗಿ, 2008ರಿಂದ ಕೆನಡಾದ ಕೇಂದ್ರ ಸರ್ಕಾರದ ಮಂತ್ರಿಗಳಿಗೂ ಹಿರಿಯ ಅಧಿಕಾರಿಗಳಿಗೂ ಹುದ್ದೆ ಬಿಟ್ಟ ಮೇಲೆ 5 ವರ್ಷ ಲಾಬಿ, ಅಂದರೆ ಕಂಪನಿಗಳ ಪರವಾಗಿ ಸರ್ಕಾರದ ಮೇಲೆ ಪ್ರಭಾವ ಬೀರುವ ಕೆಲಸ, ನಿಷೇಧವಿದೆ. ನಮ್ಮಲ್ಲೂ ಇಂಥದ್ದು ಬೇಕೇ ಬೇಕು.

ಬೆಂಗಳೂರಿನವರಿಗೆ ಬ್ರೂಕ್‌ಫೀಲ್ಡ್ ದೂರದ ಹೆಸರೇನಲ್ಲ: ಬೆಳ್ಳಂದೂರು ಹತ್ತಿರ ಹೊರ ವರ್ತುಲ ರಸ್ತೆಯ ಇಕೋವರ್ಲ್ಡ್ ಅವರದ್ದೇ. ಅದೇ ಬ್ರೂಕ್‌ಫೀಲ್ಡ್‌ನಿಂದ ಮಾರ್ಕ್ ಕಾರ್ನಿ 2025ರಲ್ಲಿ ಹೊರಬಂದು ಕೆನಡಾದ ಪ್ರಧಾನಿಯಾದರು. ಕಂಪನಿಯಿಂದ ಸರ್ಕಾರಕ್ಕೆ ಸಾಗುವ ಆ ದಾರಿ ಮುಂದಿನ ವಿಡಿಯೋಕ್ಕೆ.