ಪಂಚಾಯಿತಿ ಇಲ್ಲದ ಪರಿಷತ್ತು

ನಮಸ್ಕಾರ. ಇವತ್ತು ನಮ್ಮ ವಿಧಾನ ಪರಿಷತ್ತಿನ ವಿಷಯ.

ಪರಿಷತ್ತು ಅಂದ ಕೂಡಲೇ ಬರುವ ದೂರು ಒಂದೇ. ಚುನಾವಣೆಯಲ್ಲಿ ಸೋತವರನ್ನು ಹಿಂಬಾಗಿಲಿನಿಂದ ಮಂತ್ರಿ ಮಾಡುವ ಜಾಗ ಅದು ಅಂತ. ಆ ದೂರು ಸುಳ್ಳಲ್ಲ. ಆದರೆ ನನಗೆ ಅದಕ್ಕಿಂತ ಜಾಸ್ತಿ ಸಂಕಟ ಆಗುವುದು ಬೇರೆ ಸಂಗತಿಗೆ.

ಪರಿಷತ್ತಿನಲ್ಲಿ 75 ಸ್ಥಾನ ಇವೆ. 25 ಜನರನ್ನು ಶಾಸಕರು ಆರಿಸುತ್ತಾರೆ. ಪದವೀಧರರಿಂದ 7, ಶಿಕ್ಷಕರಿಂದ 7, ನಾಮನಿರ್ದೇಶನದಿಂದ 11. ಇನ್ನುಳಿದ 25 ಸ್ಥಾನ ಸ್ಥಳೀಯ ಸಂಸ್ಥೆಗಳದ್ದು. ಅಂದರೆ ಗ್ರಾಮ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿ, ಪುರಸಭೆ, ನಗರಸಭೆ, ಪಾಲಿಕೆ. ಇವುಗಳ ಸದಸ್ಯರೇ ಈ 25 ಜನರಿಗೆ ವೋಟು ಹಾಕುತ್ತಾರೆ. ಊರಿನ ಮಾತು ರಾಜ್ಯದ ಸದನಕ್ಕೆ ಮುಟ್ಟಲಿ ಅಂತ ಸಂವಿಧಾನವೇ ಮೂರನೇ ಒಂದು ಭಾಗ ಇವರಿಗೆ ಇಟ್ಟಿದೆ. ಇದು ಸಣ್ಣ ಗೌರವ ಅಲ್ಲ.

ಈಗಿನ ಅವಧಿ ನೋಡಿ. ಈ 25 ಜನರನ್ನು ಆರಿಸಿದ್ದು 2021ರ ಡಿಸೆಂಬರ್ 10ರಂದು. ಅವಧಿ ಶುರುವಾಗಿದ್ದು 2022ರ ಜನವರಿಯಲ್ಲಿ, ಮುಗಿಯುವುದು 2028ರ ಜನವರಿಯಲ್ಲಿ. ಕಾಂಗ್ರೆಸ್ 11, ಬಿಜೆಪಿ 11, ಜೆಡಿಎಸ್ 2, ಪಕ್ಷೇತರರು 1. ಟಿವಿಯಲ್ಲಿ ದಿನವಿಡೀ ಇದೇ ಲೆಕ್ಕ. ಅವತ್ತು ವೋಟು ಹಾಕಿದವರು ಯಾರು, ಹಾಕಲು ಆಗದೇ ಹೋದವರು ಯಾರು ಅನ್ನುವ ಲೆಕ್ಕ ಮಾತ್ರ ಹಿಂದಕ್ಕೆ ಸರಿಯಿತು.

ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಕೊನೆಗೆ ಚುನಾವಣೆ ಆಗಿದ್ದು 2016ರಲ್ಲಿ. ಆ ಸದಸ್ಯರ ಅವಧಿ 2021ರ ಮಧ್ಯದ ಹೊತ್ತಿಗೇ ಮುಗಿದಿತ್ತು. ಹಾಗಾಗಿ ಪರಿಷತ್ ಚುನಾವಣೆ ಬಂದಾಗ ರಾಜ್ಯದಲ್ಲಿ ಜಿಲ್ಲಾ ಪಂಚಾಯಿತಿಯ ಚುನಾಯಿತ ಸದಸ್ಯರೇ ಇರಲಿಲ್ಲ. ತಾಲ್ಲೂಕು ಪಂಚಾಯಿತಿಯಲ್ಲೂ ಇಲ್ಲ.

ಬೆಂಗಳೂರಿನ ಸ್ಥಿತಿ ಇನ್ನೂ ಕಷ್ಟದ್ದು. ಬಿಬಿಎಂಪಿ ಕಾರ್ಪೊರೇಟರ್‌ಗಳ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದಿತ್ತು. ಆದರೂ ಬೆಂಗಳೂರು ನಗರ ಕ್ಷೇತ್ರಕ್ಕೆ ಚುನಾವಣೆ ನಡೆಯಿತು. ಮತದಾರರು ಸುಮಾರು 2 ಸಾವಿರ. ಅದರಲ್ಲಿ ಹೆಚ್ಚಿನವರು ನಗರದ ಸುತ್ತಲಿನ ಗ್ರಾಮ ಪಂಚಾಯಿತಿಗಳ ಸದಸ್ಯರು. ಒಂದು ಕೋಟಿ ದಾಟಿದ ಊರಿನ ಹೆಸರಲ್ಲಿ ಒಬ್ಬರು ಎಂಎಲ್‌ಸಿ ಆದರು, ಆ ಊರಿನ ಒಂದು ವಾರ್ಡಿನಿಂದಲೂ ಕಾರ್ಪೊರೇಟರ್ ವೋಟು ಬೀಳಲಿಲ್ಲ. ಗೆದ್ದವರ ತಪ್ಪು ಇದಲ್ಲ, ಅವರು ನಿಯಮದಂತೆಯೇ ಗೆದ್ದರು. ನಾನು ಕೇಳುತ್ತಿರುವುದು ಆ ನಿಯಮದ ಬಗ್ಗೆ.

ನಿಯಮ ಹೀಗಿದೆ. ಒಂದು ಕ್ಷೇತ್ರದ ಸ್ಥಳೀಯ ಸಂಸ್ಥೆಗಳಲ್ಲಿ ಶೇ 75ರಷ್ಟು ನಡೆಯುತ್ತಿರಬೇಕು, ಮತದಾರರಲ್ಲೂ ಶೇ 75ರಷ್ಟು ಇರಬೇಕು. ಅಷ್ಟಿದ್ದರೆ ಚುನಾವಣಾ ಆಯೋಗ ಚುನಾವಣೆ ನಡೆಸಬಹುದು. ಕೇಳಲು ಸರಿಯಾಗೇ ಇದೆ, ಅಲ್ವಾ? ಆದರೆ ನಮ್ಮಲ್ಲಿ ಗ್ರಾಮ ಪಂಚಾಯಿತಿಗಳೇ ಸುಮಾರು 6 ಸಾವಿರ ಇವೆ. ಜಿಲ್ಲಾ ಪಂಚಾಯಿತಿಗಳು ಮೂವತ್ತರ ಆಸುಪಾಸು. ಗ್ರಾಮ ಪಂಚಾಯಿತಿ ಇದ್ದರೆ ಸಾಕು, ಲೆಕ್ಕ ತುಂಬಿಬಿಡುತ್ತದೆ. ಮೇಲಿನ ಎರಡು ಹಂತ ಪೂರ್ತಿ ಖಾಲಿ ಇದ್ದರೂ ಲೆಕ್ಕದಲ್ಲಿ ಕಾಣುವುದೇ ಇಲ್ಲ.

ಅದು ಒಂದು ಸಲದ ಕಥೆಯೂ ಅಲ್ಲ. ಕೋಟ ಶ್ರೀನಿವಾಸ ಪೂಜಾರಿಯವರು ಸಂಸದರಾದ ಮೇಲೆ ದಕ್ಷಿಣ ಕನ್ನಡ ಕ್ಷೇತ್ರದ ಸ್ಥಾನ ಖಾಲಿಯಾಯಿತು. 2024ರ ಅಕ್ಟೋಬರ್‌ನಲ್ಲಿ ಉಪಚುನಾವಣೆ ಆಯಿತು. ಆಗಲೂ ಜಿಲ್ಲಾ ಪಂಚಾಯಿತಿ ಇಲ್ಲ, ತಾಲ್ಲೂಕು ಪಂಚಾಯಿತಿ ಇಲ್ಲ. ಒಂದು ಎಂಎಲ್‌ಸಿ ಸ್ಥಾನ ಖಾಲಿಯಾದರೆ ತಿಂಗಳುಗಳಲ್ಲಿ ತುಂಬುತ್ತೇವೆ. ಇಡೀ ಜಿಲ್ಲೆಯ ಪಂಚಾಯಿತಿ ವರ್ಷಗಟ್ಟಲೆ ಖಾಲಿ ಬಿದ್ದಿದ್ದರೆ ಅಧಿಕಾರಿಗಳೇ ನೋಡಿಕೊಳ್ಳುತ್ತಾರೆ ಅಂತ ಸುಮ್ನೆ ಇರುತ್ತೇವೆ.

ಇದು ನಡೆದಿರುವುದು ಕರ್ನಾಟಕದಲ್ಲಿ. ಪಂಚಾಯತ್ ರಾಜ್ ಕಟ್ಟಿದ ಮಂತ್ರಿ ಅಬ್ದುಲ್ ನಜೀರ್ ಸಾಬ್ ಅವರ ಕರ್ನಾಟಕದಲ್ಲಿ. 1983ರ ಕಾಯ್ದೆ ತಂದು, 1987ರಲ್ಲಿ ಜಿಲ್ಲಾ ಪರಿಷತ್ತುಗಳಿಗೆ, ಅಂದರೆ ಈಗಿನ ಜಿಲ್ಲಾ ಪಂಚಾಯಿತಿಗಳಿಗೆ, ಚುನಾವಣೆ ನಡೆಸಿದ ರಾಜ್ಯ ನಮ್ಮದು. ದೇಶಕ್ಕೆಲ್ಲ 73ನೇ ತಿದ್ದುಪಡಿ ಬರುವ ಮುಂಚಿನ ಮಾತು ಅದು. ಆಮೇಲೆ ಬಂದ ಆ ತಿದ್ದುಪಡಿ ಸ್ಪಷ್ಟವಾಗಿ ಹೇಳುತ್ತದೆ: ಪಂಚಾಯಿತಿಗೆ ಐದು ವರ್ಷ, ಅದು ಮುಗಿಯುವ ಮೊದಲೇ ಮುಂದಿನ ಚುನಾವಣೆ ಮುಗಿದಿರಬೇಕು. ನಮ್ಮಲ್ಲಿ ಒಮ್ಮೆ ಕ್ಷೇತ್ರ ಮರುವಿಂಗಡಣೆ ಅಂದರು, ಇನ್ನೊಮ್ಮೆ ಹಿಂದುಳಿದ ವರ್ಗಗಳ ಮೀಸಲಾತಿ ಅಂದರು. 2021ರಲ್ಲಿದ್ದದ್ದು ಬಿಜೆಪಿ ಸರ್ಕಾರ, 2023ರಲ್ಲಿ ಬಂದದ್ದು ಕಾಂಗ್ರೆಸ್ ಸರ್ಕಾರ. 2025 ಮುಗಿದರೂ ಜಿಲ್ಲಾ ಪಂಚಾಯಿತಿ ಚುನಾವಣೆ ಆಗಲಿಲ್ಲ. ಬೆಂಗಳೂರನ್ನು ಐದು ಪಾಲಿಕೆ ಮಾಡಿದರು, ಆ ವರ್ಷ ಒಬ್ಬ ಕಾರ್ಪೊರೇಟರ್‌ನನ್ನೂ ಆರಿಸಲಿಲ್ಲ.

ಹಾಗಾದರೆ ಯಾರು ಗಟ್ಟಿಯಾಗಿ ಕೇಳಬೇಕಿತ್ತು? ನನ್ನ ಪ್ರಕಾರ ಈ 25 ಜನ. ಅವರ ಸ್ಥಾನ ಇರುವುದೇ ಇದಕ್ಕೆ. ಪರಿಷತ್ತಿಗೆ ಅಧಿಕಾರ ಕಡಿಮೆ ಅನ್ನುವುದು ನಿಜ. ಹಣಕಾಸು ಮಸೂದೆಯನ್ನು 14 ದಿನ ಇಟ್ಟುಕೊಳ್ಳಬಹುದು, ಬೇರೆ ಮಸೂದೆಯನ್ನು ಕೆಲವು ತಿಂಗಳು ತಡೆಯಬಹುದು, ಅಷ್ಟೇ. ಆದರೆ ಪ್ರಶ್ನೋತ್ತರ ಅವಧಿ ಅವರ ಕೈಯಲ್ಲೇ ಇದೆ. ಪ್ರತಿ ಅಧಿವೇಶನದಲ್ಲೂ ಪಕ್ಷ ಮರೆತು, 25 ಜನ ಒಟ್ಟಿಗೆ ಎದ್ದು ನಿಂತು, ನಮ್ಮ ಮತದಾರರು ಎಲ್ಲಿ ಅಂತ ಸರ್ಕಾರವನ್ನು ಕೇಳಬಹುದಿತ್ತು.

ಒಗ್ಗಟ್ಟು ಯಾಕೆ ಕಷ್ಟ ಅನ್ನುವುದೂ ಗೊತ್ತು. ಬೆಳಗಾವಿಯ ಎರಡು ಸ್ಥಾನ ಗೆದ್ದವರು ಚನ್ನರಾಜ ಹಟ್ಟಿಹೊಳಿ ಮತ್ತು ಲಖನ್ ಜಾರಕಿಹೊಳಿ. ಹಾಸನದಲ್ಲಿ ಸೂರಜ್ ರೇವಣ್ಣ, ತುಮಕೂರಿನಲ್ಲಿ ರಾಜೇಂದ್ರ ರಾಜಣ್ಣ. ಎಲ್ಲರೂ ಶಾಸಕರ, ಮಂತ್ರಿಗಳ ಮನೆಯವರು. ಪಂಚಾಯಿತಿಯಲ್ಲಿ ಹತ್ತಾರು ವರ್ಷ ಬೆವರು ಸುರಿಸಿದ ಸಾಮಾನ್ಯ ಸದಸ್ಯೆಗೆ ಈ ಟಿಕೆಟ್ ಸಿಗುವ ದಿನ ಬರಬೇಕು ಅಂತ ನನಗೆ ಮನಸಾರೆ ಆಸೆ ಇದೆ.

ನನ್ನ ಬೇಡಿಕೆ ಇಷ್ಟು. ಶೇ 75ರ ಲೆಕ್ಕವನ್ನು ಒಟ್ಟಿಗೆ ಹಾಕಬೇಡಿ. ಗ್ರಾಮ, ತಾಲ್ಲೂಕು, ಜಿಲ್ಲೆ, ನಗರ ಅಂತ ಪ್ರತಿ ಹಂತಕ್ಕೂ ಬೇರೆ ಬೇರೆ ಹಾಕಿ. ಒಂದು ಹಂತ ಖಾಲಿ ಇದ್ದರೂ ಆ ಕ್ಷೇತ್ರದ ಪರಿಷತ್ ಚುನಾವಣೆ ನಿಲ್ಲಲಿ. ತಮ್ಮ ಸ್ಥಾನಕ್ಕೇ ಕುತ್ತು ಬರುತ್ತದೆ ಅಂತಾದರೆ ಪಕ್ಷಗಳು ಪಂಚಾಯಿತಿ ಚುನಾವಣೆಯನ್ನು ಬೇಗ ಮುಗಿಸುತ್ತವೆ. 2028ರ ಜನವರಿಗೆ ಮುಂಚೆ ಈ 25 ಜನರಲ್ಲಿ ಒಬ್ಬರಾದರೂ ಇದನ್ನು ಸದನದಲ್ಲಿ ಪ್ರಸ್ತಾಪಿಸಲಿ. ನಿಮ್ಮ ಜಿಲ್ಲೆಯ ಎಂಎಲ್‌ಸಿ ಯಾರು ಅಂತ ತಿಳಿದುಕೊಳ್ಳಿ, ಅವರಿಗೆ ಇದನ್ನೇ ಬರೆದು ಕೇಳಿ.